ಸ್ಕ್ರೀನ್‌ಶಾಟ್ ಬರುತ್ತದೆ, ಉದಾಹರಣೆ ಬರುವುದಿಲ್ಲ

ಪ್ರಶ್ನೆ: ನಾನು ಶಿವಮೊಗ್ಗದವಳು. ಕೆಲಸದ ಬಿಡುವಿನಲ್ಲಿ ಕನ್ನಡ ಕಾಗುಣಿತ ತಿದ್ದುವ ಒಂದು ಸಣ್ಣ ತಂತ್ರಾಂಶ ಮಾಡಿ ಮೂರು ವರ್ಷದಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದೇನೆ. ಬರುವ ದೂರುಗಳಲ್ಲಿ ಬಹಳಷ್ಟು ಒಂದೇ ಸಾಲಿನವು. “ಕೆಲಸ ಮಾಡ್ತಿಲ್ಲ”, “ತಪ್ಪು ತೋರಿಸ್ತಿದೆ, ಬೇಗ ಸರಿ ಮಾಡಿ”. ನನ್ನ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದಾದ ಉದಾಹರಣೆ ಹತ್ತರಲ್ಲಿ ಎರಡು ಮೂರರಲ್ಲಿ ಇದ್ದರೆ ಹೆಚ್ಚು. ಮೊನ್ನೆ ಒಬ್ಬರು ಪುಟದ ಪ್ರತಿ ಪದಕ್ಕೂ ಕೆಂಪು ಗೆರೆ ಬಿದ್ದಿರುವ ಸ್ಕ್ರೀನ್‌ಶಾಟ್ ಕಳಿಸಿದರು. ಅದೇ ಪದಗಳನ್ನು ನಾನು ಟೈಪ್ ಮಾಡಿದೆ. ಒಂದಕ್ಕೂ ಗೆರೆ ಬೀಳಲಿಲ್ಲ. ನಮ್ಮ ಜನಕ್ಕೆ ದೂರು ಬರೆಯಲು ಬರುವುದಿಲ್ಲವೇ, ಎಲ್ಲ ಕಡೆಯೂ ಹೀಗೆಯೇ? ಉದಾಹರಣೆ ಇಲ್ಲದ ದೂರುಗಳನ್ನು ಮುಚ್ಚಿಬಿಡಬಹುದೇ? ಅಥವಾ ಫಾರಂ ಕಡ್ಡಾಯ ಮಾಡಲೇ?

ಉತ್ತರ: ಮೊದಲು ನಿಮ್ಮ ಕೊನೆಯ ಸಂಕಟ ಹಿಡಿದುಕೊಳ್ಳುತ್ತೇನೆ. ಅವರ ಪರದೆಯ ಮೇಲೆ ಪುಟವೆಲ್ಲ ಕೆಂಪು. ನಿಮ್ಮದರಲ್ಲಿ ಒಂದು ಗೆರೆಯೂ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ನೀವೂ ತಪ್ಪು ಮಾಡಿಲ್ಲ. ಹಾಗಿದ್ದರೆ ಅವರ ಕಡತಕ್ಕೂ ನಿಮ್ಮ ಕಡತಕ್ಕೂ ನಡುವೆ ಕಣ್ಣಿಗೆ ಕಾಣದ ಏನೋ ಒಂದು ವ್ಯತ್ಯಾಸ ಇದೆ ಎಂದಾಯಿತು. ದೂರಿನ ಜೊತೆ ಬರಬೇಕಾಗಿದ್ದ ಉದಾಹರಣೆ ಅದೇ. ಅದು ಯಾಕೆ ಬರುವುದಿಲ್ಲ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಎಲ್ಲ ಕಡೆಯೂ ಹೀಗೆಯೇ? ಹೌದು, ಹೆಚ್ಚುಕಡಿಮೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೆಸರಾಂತ ಒಂಬತ್ತು ತಂತ್ರಾಂಶಗಳಿಗೆ ಬಂದ ಸುಮಾರು 3,000 ಬಗ್ (ತಂತ್ರಾಂಶದ ದೋಷ) ದೂರುಗಳನ್ನು ಒಂದೊಂದಾಗಿ ಓದಿ ವಿಂಗಡಿಸಿತು. “ಹೀಗಾಯಿತು” ಎಂದು ಕಂಡದ್ದನ್ನು ಬರೆದವರು 93.5%. “ಹೀಗೆ ಹೀಗೆ ಮಾಡಿದಾಗ ಆಯಿತು” ಎಂದು ಹಂತಗಳನ್ನು ಬಿಡಿಸಿ ಹೇಳಿದವರು 51.4%. “ಹೀಗಾಗಬೇಕಿತ್ತು” ಎಂದು ಹೇಳಿದವರು 35.2% ಮಾತ್ರ. ಅಂಥ ತಂತ್ರಾಂಶಗಳಿಗೆ ದೂರು ಬರೆಯುವವರಲ್ಲಿ ಕೋಡ್ ಬರೆಯಬಲ್ಲವರೂ ಇರುತ್ತಾರೆ. ಅಲ್ಲೇ ಅರ್ಧದಷ್ಟು ದೂರುಗಳಲ್ಲಿ ಹಂತಗಳಿಲ್ಲ ಅಂದಮೇಲೆ, ಕಚೇರಿಯಲ್ಲಿ ಸುತ್ತೋಲೆ ಟೈಪ್ ಮಾಡುತ್ತಾ ನಡುವೆ ನಿಮಗೊಂದು ಸಾಲು ಬರೆಯುವವರನ್ನು “ನಮ್ಮ ಜನ” ಎಂದು ಬೇರೆ ಮಾಡಿ ಬೈಯುವುದು ಸರಿಯಲ್ಲ.

ಇನ್ನೊಂದು ವಿಷಯ ನೋಡಿ. ಹಂತ ಬರೆದಿದ್ದಾರೆ ಅಂದರೆ ಆ ಹಂತ ಸಾಕು ಎಂದಲ್ಲ. ಸಾಕು ಅಂದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಮರುಕಳಿಸುತ್ತದೆ ಎಂದೂ ಅಲ್ಲ. ಈ ಮೂರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಮನಸ್ಸಿಗೆ ಬೇಸರವಾಗುತ್ತದೆ, ಉಪಯೋಗವಿಲ್ಲ. ನಿಮ್ಮ “ಹತ್ತರಲ್ಲಿ ಎರಡು ಮೂರು” ಕೊನೆಯ ಲೆಕ್ಕ. ಆ ಲೆಕ್ಕಕ್ಕೆ ಅದು ಅಷ್ಟೇನೂ ಕೆಟ್ಟದ್ದಲ್ಲ.

ಜನ ಸೋಮಾರಿಗಳು ಅನ್ನುವುದು ನಮ್ಮ ಕೆಲಸದಲ್ಲಿ ತುಂಬ ಹಳೆಯ ನಂಬಿಕೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬೆಂಗಳೂರಿನಲ್ಲಿ ಟೆಸ್ಟಿಂಗ್ ಮತ್ತು ಸಪೋರ್ಟ್ ಮಾಡಿದ್ದೇನೆ, ಅದರಲ್ಲಿ ಬಹುಪಾಲು ಭಾರತೀಯ ಭಾಷೆಗಳ ತಂತ್ರಾಂಶಗಳಲ್ಲಿ. ನಾನೂ ಮೊದಲು ಹಾಗೇ ನಂಬಿದ್ದೆ. 2008ರಲ್ಲಿ ಅಪಾಚೆ, ಎಕ್ಲಿಪ್ಸ್, ಮೊಜಿಲ್ಲಾ ಎಂಬ ದೊಡ್ಡ ತಂತ್ರಾಂಶ ಯೋಜನೆಗಳ ಡೆವಲಪರ್‌ಗಳನ್ನೂ ದೂರು ಕೊಡುವವರನ್ನೂ ಕೇಳಿದ ಒಂದು ಸಮೀಕ್ಷೆ ಬಂತು. ಡೆವಲಪರ್‌ಗಳು ತಮಗೆ ಜಾಸ್ತಿ ಉಪಯೋಗ ಅಂದದ್ದು ಮರುಕಳಿಸುವ ಹಂತಗಳು, ಸ್ಟ್ಯಾಕ್ ಟ್ರೇಸ್ (ಕೆಟ್ಟ ಗಳಿಗೆಯಲ್ಲಿ ಕೋಡಿನ ಯಾವ ಭಾಗ ಓಡುತ್ತಿತ್ತು ಎಂಬ ಪಟ್ಟಿ), ಟೆಸ್ಟ್ ಕೇಸ್ (ತೊಂದರೆಯನ್ನು ತೋರಿಸಿಕೊಡುವ ಚಿಕ್ಕ ಉದಾಹರಣೆ). ದೂರು ಕೊಡುವವರು ತಮಗೆ ಒದಗಿಸಲು ಬಹಳ ಕಷ್ಟ ಅಂದದ್ದೂ ಇಂಥವನ್ನೇ. ಏನು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಕೊಡಲು ಆಗುತ್ತಿರಲಿಲ್ಲ.

ಯಾಕೆ ಆಗುವುದಿಲ್ಲ? ಉದಾಹರಣೆ ಕೊಡಬೇಕಾದರೆ ತನ್ನ ಪರಿಸ್ಥಿತಿಯಲ್ಲಿ ವಿಶೇಷವಾದದ್ದು ಯಾವುದು ಎಂದು ಗೊತ್ತಿರಬೇಕು. ದೂರು ಕೊಡುವವರಿಗೆ ಯಾವುದೂ ವಿಶೇಷವಲ್ಲ. ಅವರ ಫಾಂಟ್, ಅವರ ಕೀಬೋರ್ಡ್, ಹಳೆಯ ಕಡತದಿಂದ ಮಾಡಿದ ಕಾಪಿ ಪೇಸ್ಟ್ ಎಲ್ಲವೂ ದಿನನಿತ್ಯದ್ದು. ದಿನಾ ಕುಡಿಯುವ ನೀರಿನ ರುಚಿ ಕೇಳಿದರೆ ಯಾರೂ ಹೇಳಲಾರರು, ಅಲ್ವಾ? ಬೇರೆ ಊರಿನಿಂದ ಬಂದವರಿಗೆ ಮಾತ್ರ ಅದು ಉಪ್ಪು ಅಂತ ಗೊತ್ತಾಗುವುದು.

ಒಂದು ದೂರನ್ನು ಹತ್ತಿರದಿಂದ ತೋರಿಸುತ್ತೇನೆ. ನನಗೆ ಇದನ್ನೆಲ್ಲ ಕಲಿಸಿದ್ದು ಅದೇ.

ಒಂದು ಗ್ರಂಥಾಲಯದಲ್ಲಿ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಊರಿನ ಹೆಸರು ಕೊಟ್ಟು ಫೈಲ್ ಮಾಡುತ್ತಿದ್ದರು. ಅಲ್ಲಿನ ಹಿರಿಯರೊಬ್ಬರು ನಾವು ಮಾಡಿಕೊಟ್ಟ ತಂತ್ರಾಂಶದ ಬಗ್ಗೆ ಬರೆದರು. “ಕೋಲಾರ ಅಂತ ಹುಡುಕಿದರೆ ಕೆಲವು ಸಿಗುತ್ತವೆ, ಕೆಲವು ಸಿಗುವುದಿಲ್ಲ.” ಜೊತೆಗೆ ಸ್ಕ್ರೀನ್‌ಶಾಟ್. ಚಿತ್ರದಲ್ಲಿ ಆರು ಕಡೆ ಕೋಲಾರ ಇದೆ, ಹಳದಿ ಬಣ್ಣ ಹತ್ತಿದ್ದು ಮೂರಕ್ಕೆ ಮಾತ್ರ. ನಾನು ಕೇಳಿದೆ, “ಸಿಗದೇ ಇರುವ ಆ ಪದವನ್ನು ಕಳಿಸಿ ಸರ್.” ಕಳಿಸಿದರು. ನಮ್ಮಲ್ಲಿ ಹಾಕಿ ನೋಡಿದೆ, ಚೆನ್ನಾಗಿ ಸಿಕ್ಕಿತು. “ನಮ್ಮಲ್ಲಿ ಸರಿಯಾಗಿಯೇ ಇದೆ” ಎಂದು ಬರೆದು ಟಿಕೆಟ್, ಅಂದರೆ ಆ ದೂರು, ಕ್ಲೋಸ್ ಮಾಡಿದೆ. ಅವರು ಮತ್ತೆ ಬರೆದರು. ಮತ್ತೆ ಕ್ಲೋಸ್ ಮಾಡಿದೆ. ಮೂರನೇ ಸಲ ಫೋನ್ ಮಾಡಿ, “ಆ ಪದ ನನಗೆ ಹೇಗೆ ಕಳಿಸಿದಿರಿ?” ಎಂದು ಕೇಳಿದೆ. “ನೋಡಿಕೊಂಡು ಟೈಪ್ ಮಾಡಿದೆ, ಒಂದಕ್ಷರ ತಪ್ಪಿಲ್ಲದ ಹಾಗೆ” ಅಂದರು.

ಸಾಕ್ಷಿ ಅಳಿದುಹೋಗಿದ್ದು ಅಲ್ಲೇ. ಮೂಲ ಫೈಲನ್ನೇ ತರಿಸಿ, ಪದದೊಳಗಿನ ಯೂನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಖ್ಯೆಗಳನ್ನು, ಎಣಿಸಿದೆ. ಸಾಮಾನ್ಯವಾಗಿ ಟೈಪ್ ಮಾಡಿದ ಕೋಲಾರದಲ್ಲಿ 5 ಸಂಕೇತ ಇರುತ್ತವೆ. ಕ, ಓತ್ವ, ಲ, ಇಳಿ, ರ. ಹಳದಿ ಹತ್ತದ ಕೋಲಾರದಲ್ಲಿ 7 ಇದ್ದವು. ಓತ್ವ ಅನ್ನುವ ಒಂದರ ಬದಲು ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಬಿಡಿಬಿಡಿಯಾಗಿ ಕುಳಿತಿದ್ದವು. ಯೂನಿಕೋಡ್ ಪ್ರಕಾರ ಎರಡೂ ಸರಿ, ಎರಡೂ ಸಮ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಕಂಪ್ಯೂಟರಿನ ಹಳೆಯ ಫೈಲ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಹೀಗೆ ಬಿಡಿಸಿ ಇಡುತ್ತಿತ್ತು. ಅಲ್ಲಿಂದ ಬಂದ ಪಟ್ಟಿ, ಕೈಯಲ್ಲಿ ಟೈಪ್ ಮಾಡಿದ ಪಟ್ಟಿಯ ಜೊತೆ ಸೇರಿಕೊಂಡಿತ್ತು. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕಾಗಿದ್ದದ್ದು ನಮ್ಮ ತಂತ್ರಾಂಶ. ಅದನ್ನು ನಾವು ಮಾಡಿರಲಿಲ್ಲ.

ಈಗ ಯೋಚಿಸಿ. ಆ ಹಿರಿಯರು ಉದಾಹರಣೆ ಕೊಡಲಿಲ್ಲವೇ? ಕೊಟ್ಟರು, ಶ್ರದ್ಧೆಯಿಂದ ಕೊಟ್ಟರು. ಒಂದಕ್ಷರ ತಪ್ಪಬಾರದು ಅನ್ನುವ ಅವರ ಶ್ರದ್ಧೆಯೇ ಬಗ್ಗನ್ನು ತೊಳೆದುಹಾಕಿತು. ನನ್ನ ಪ್ರಶ್ನೆ “ಆ ಪದವನ್ನು ಕಳಿಸಿ” ಎಂದಿತ್ತು. “ಟೈಪ್ ಮಾಡಬೇಡಿ, ಆ ಫೈಲನ್ನೇ ಕಳಿಸಿ” ಎಂದು ಇರಬೇಕಿತ್ತು. ಅದಾದ ಮೇಲೆ ದೂರು ಬಂದಾಗ ನಾನು ಮೊದಲು ಅನುಮಾನಿಸುವುದು ನನ್ನ ಪ್ರಶ್ನೆಯನ್ನು.

ಸ್ಕ್ರೀನ್‌ಶಾಟ್ ಕೂಡ ಹಾಗೆಯೇ. ಬಟನ್ ಜಾಗ ತಪ್ಪಿದ್ದರೆ, ಅಕ್ಷರ ಒಂದರ ಮೇಲೊಂದು ಹತ್ತಿದ್ದರೆ ಚಿತ್ರದಷ್ಟು ಒಳ್ಳೆಯ ದಾಖಲೆ ಇನ್ನಿಲ್ಲ. ಆದರೆ ಪಠ್ಯದೊಳಗಿನ ತೊಂದರೆಯನ್ನು ಚಿತ್ರ ಮುಚ್ಚಿಡುತ್ತದೆ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಜಾಸ್ತಿ. “ಸಾಫ್ಟ್‌ವೇರ್” ಪದದಲ್ಲಿ ಟ್ ಮತ್ತು ವೇ ನಡುವೆ ಅಂಟದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಪದದ ನಡುವೆ ಇದ್ದರೆ ಅದರ ಪರಿಣಾಮವಾದರೂ ಕಾಣುತ್ತದೆ. ಪದದ ಕೊನೆಯಲ್ಲಿ ಸುಮ್ನೆ ಉಳಿದುಕೊಂಡಿದ್ದರೆ ಏನೂ ಕಾಣುವುದಿಲ್ಲ, ನಿಮ್ಮ ಪದಕೋಶಕ್ಕೆ ಮಾತ್ರ ಅದು ಬೇರೆ ಪದ.

ಮರುಕಳಿಸದಿದ್ದರೆ ಬಗ್ ಇಲ್ಲವೇ ಇಲ್ಲ ಅನ್ನುವ ಮಾತೂ ಆಗಾಗ ಕೇಳುತ್ತೇವೆ. 2014ರ ಇನ್ನೊಂದು ಅಧ್ಯಯನದಲ್ಲಿ, ನೋಡಿದ ದೂರುಗಳ ಪೈಕಿ ಸರಾಸರಿ 17% “ಮರುಕಳಿಸುತ್ತಿಲ್ಲ” ಎಂಬ ಮುದ್ರೆ ಹಾಕಿಸಿಕೊಂಡಿದ್ದವು. ಮಾಹಿತಿ ಸಾಲದೇ ಹಾಗಾದದ್ದು ಅದರಲ್ಲಿ ಚಿಕ್ಕ ಪಾಲು. ಇನ್ನೊಂದು ಬಗ್ಗಿನ ಜೊತೆ ಹೆಣೆದುಕೊಂಡಿದ್ದವು, ಇಬ್ಬರ ಕಂಪ್ಯೂಟರಿನ ಪರಿಸರ ಬೇರೆ ಇದ್ದವು ಅದಕ್ಕಿಂತ ಹೆಚ್ಚು. ದೂರು ಚೆನ್ನಾಗಿ ಬರೆದರೂ ಮರುಕಳಿಸದೆ ಇರಬಹುದು ಎಂದಾಯಿತು.

ಒಳ್ಳೆಯ ಉದಾಹರಣೆಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ನಮ್ಮ ಪಕ್ಕದ ಭಾಷೆಯಲ್ಲೇ ಒಂದು ಸಾಕ್ಷಿ ಇದೆ. 2018ರ ಫೆಬ್ರವರಿಯಲ್ಲಿ ತೆಲುಗಿನ “ಜ್ಞಾ” ಅಕ್ಷರದ ಒಂದು ರೂಪ ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನಲ್ಲಿ ಆ ಆ್ಯಪ್ ಕುಸಿದು ಬೀಳುತ್ತಿತ್ತು. ಒಟ್ಟು 5 ಯೂನಿಕೋಡ್ ಸಂಕೇತ. ಅದರಲ್ಲಿ ಒಂದು, ನಾನು ಮೇಲೆ ಹೇಳಿದ ಆ ಕಾಣದ ಸಂಕೇತ. ಅಕ್ಷರ ಅಷ್ಟು ಚಿಕ್ಕದಾಗಿದ್ದರಿಂದ ಯಾರು ಬೇಕಾದರೂ ಕಾಪಿ ಮಾಡಿ ನೋಡಬಹುದಿತ್ತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಫೆಬ್ರವರಿ 19ರಂದು ಐಫೋನಿನ ತಂತ್ರಾಂಶವಾದ ಐಓಎಸ್‌ನ 11.2.6 ಆವೃತ್ತಿಯಲ್ಲಿ ಆಪಲ್ ಅದನ್ನು ಸರಿಪಡಿಸಿತು. “ತೆಲುಗು ಮೆಸೇಜ್ ಬಂದರೆ ಫೋನ್ ಕೆಟ್ಟುಹೋಗುತ್ತೆ” ಎಂದಷ್ಟೇ ಯಾರಾದರೂ ಬರೆದಿದ್ದರೆ ಅಷ್ಟು ಬೇಗ ಆಗುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಇನ್ನು ನೀವು ಕೇಳಿದ ದಾರಿಗಳು.

ಮುಚ್ಚಿಬಿಡುವುದು. ಉದಾಹರಣೆ ಇಲ್ಲ ಎಂಬ ಕಾರಣಕ್ಕೆ ಬಂದ ದಿನವೇ ಮುಚ್ಚಬೇಡಿ. ಪಟ್ಟಿ ಚೊಕ್ಕವಾಗುತ್ತದೆ, ಬಗ್ ಅಲ್ಲೇ ಇರುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಆ ವ್ಯಕ್ತಿ ಮುಂದೆ ಬರೆಯುವುದಿಲ್ಲ. ನನ್ನ ಗ್ರಂಥಾಲಯದ ಹಿರಿಯರು ಮೂರನೇ ಸಲವೂ ಬರೆದರು. ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಬೇಕಿದ್ದರೆ “ಮಾಹಿತಿಗೆ ಕಾಯುತ್ತಿದ್ದೇವೆ” ಎಂದು ಬೇರೆ ಇಡಿ. ಒಂದು ತಿಂಗಳು ಉತ್ತರ ಬರದಿದ್ದರೆ, ಮತ್ತೆ ತೆರೆಯಬಹುದು ಎಂದು ಹೇಳಿ ಮುಚ್ಚಿ. ನೀವು ಒಬ್ಬರೇ ಬಿಡುವಿನಲ್ಲಿ ಮಾಡುವ ಕೆಲಸ ಇದು. ಎಲ್ಲವನ್ನೂ ತೆರೆದಿಟ್ಟುಕೊಂಡು ಕೊರಗುವುದೂ ಬೇಡ.

ಫಾರಂ ಕಡ್ಡಾಯ ಮಾಡುವುದು. ಇದಕ್ಕೆ ಒಂದು ಇತಿಹಾಸವಿದೆ. 2016ರ ಜನವರಿಯಲ್ಲಿ, ಮುಕ್ತ ತಂತ್ರಾಂಶಗಳನ್ನು ನಡೆಸುವ ಬಹಳ ಮಂದಿ ಸೇರಿ, ತಮ್ಮ ಕೋಡ್ ಇಟ್ಟು ದೂರು ಪಡೆಯುವ ತಾಣವಾದ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ದೂರುಗಳಲ್ಲಿ ಮರುಕಳಿಸುವ ಹಂತಗಳೂ ಆವೃತ್ತಿಯೂ ಇರುವುದೇ ಇಲ್ಲ ಎನ್ನುವುದು ಅವರ ತಕರಾರುಗಳಲ್ಲಿ ಒಂದು. ಮುಂದಿನ ತಿಂಗಳೇ ದೂರಿನ ಮಾದರಿ ನಮೂನೆ ಇಡುವ ಅನುಕೂಲ ಬಂತು. ಹಾಗಾಗಿ ಫಾರಂ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಹತ್ತು ಕಡ್ಡಾಯ ಪ್ರಶ್ನೆ ಇಟ್ಟರೆ ಒಂಬತ್ತಕ್ಕೆ “ಗೊತ್ತಿಲ್ಲ” ಅಥವಾ ಬರೀ ಒಂದು ಚುಕ್ಕಿ ಬರುತ್ತದೆ. ಬಹಳ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಅವರು ಹೋದದ್ದು ನಿಮಗೆ ತಿಳಿಯುವುದೂ ಇಲ್ಲ. ದೂರು ಕಡಿಮೆಯಾದದ್ದನ್ನು ನೋಡಿ ತಂತ್ರಾಂಶ ಸುಧಾರಿಸಿತು ಎಂದುಕೊಳ್ಳುವ ಅಪಾಯ ಅದು.

ನಿಮ್ಮ ತಂತ್ರಾಂಶಕ್ಕೆ ಒಂದೇ ಕಡ್ಡಾಯ ಪ್ರಶ್ನೆ ಸಾಕು. “ತೊಂದರೆ ಕೊಟ್ಟ ಸಾಲನ್ನು ಇಲ್ಲಿ ಪೇಸ್ಟ್ ಮಾಡಿ. ಹೊಸದಾಗಿ ಟೈಪ್ ಮಾಡಬೇಡಿ.” ಅದರ ಕೆಳಗೆ, ಮನಸ್ಸಿದ್ದರೆ ತುಂಬುವಂತೆ, “ಈ ಪಠ್ಯ ಎಲ್ಲಿಂದ ಬಂತು?” ಎಂದು ಕೇಳಿ. ನಾನೇ ಟೈಪ್ ಮಾಡಿದೆ, ವಾಟ್ಸ್ಆ್ಯಪ್‌ನಿಂದ, ಪಿಡಿಎಫ್‌ನಿಂದ, ಹಳೆಯ ಕಡತದಿಂದ ಎಂದು ಆಯ್ಕೆ ಕೊಡಿ. ಎಲ್ಲ ಕನ್ನಡದಲ್ಲೇ ಇರಲಿ. “ಏನಾಯಿತು” ಎಂದು ನೀವು ಕೇಳದಿದ್ದರೂ ಅವರು ಹೇಳುತ್ತಾರೆ, ಮೇಲಿನ 93.5% ಅದನ್ನೇ ತೋರಿಸುತ್ತದೆ. “ಏನಾಗಬೇಕಿತ್ತು” ಅನ್ನುವುದು ಕಾಗುಣಿತ ತಂತ್ರಾಂಶದಲ್ಲಿ ಬಹುಮಟ್ಟಿಗೆ ನಿಮಗೇ ಹೊಳೆಯುತ್ತದೆ.

ಯಂತ್ರವೇ ತಿಳಿದುಕೊಳ್ಳಬಹುದಾದದ್ದನ್ನು ಮನುಷ್ಯರ ಹತ್ತಿರ ಕೇಳಬೇಡಿ. ನಿಮ್ಮ ತಂತ್ರಾಂಶದ ವರ್ಷನ್, ಆಪರೇಟಿಂಗ್ ಸಿಸ್ಟಮ್, ಆಯ್ದ ಫಾಂಟಿನ ಹೆಸರು, ಇವು ತಾವಾಗಿಯೇ ದೂರಿನ ಜೊತೆ ಸೇರಲಿ. ಪಠ್ಯವನ್ನು ಮಾತ್ರ ಎಂದೂ ಹಾಗೆ ತೆಗೆದುಕೊಳ್ಳಬಾರದು. ಕಾಗುಣಿತ ನೋಡಿಸಿಕೊಳ್ಳುವ ಕಾಗದದಲ್ಲಿ ಆಸ್ತಿ ಪಾಲಿನ ಪತ್ರ ಇರಬಹುದು, ಮಗಳ ಮದುವೆಯ ವಿಷಯ ಇರಬಹುದು, ಆಸ್ಪತ್ರೆಯ ವರದಿ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಬಗ್ಗೆ ಕಟ್ಟುನಿಟ್ಟಾಗಿದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಏನೇನು ಹೋಗುತ್ತದೆ ಎಂದು ಅವರಿಗೆ ತೋರಿಸಿ, ಅವರು ನೋಡಿ ಒತ್ತಿದ ಮೇಲೆ ಹೋಗಲಿ.

ಉಳಿದದ್ದು, ಸಿಕ್ಕ ಕಡತವನ್ನು ಚಿಕ್ಕದು ಮಾಡುವ ಕೆಲಸ. ಇದು ಬಗ್ ಕಂಡವರ ಹೊಣೆ ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ದೂರು ಪಡೆದವರೇ ಇದನ್ನು ಬೇಗ ಮಾಡಬಲ್ಲರು. ಇಡೀ ಕಡತ ತೆರೆಯಿರಿ. ಅರ್ಧ ಅಳಿಸಿ. ತೊಂದರೆ ಇನ್ನೂ ಇದ್ದರೆ ಉಳಿದದ್ದರಲ್ಲಿ ಮತ್ತೆ ಅರ್ಧ ಅಳಿಸಿ. ಹೋಯಿತೇ? ಅಳಿಸಿದ್ದನ್ನು ವಾಪಸ್ ತಂದು ಇನ್ನೊಂದು ಅರ್ಧ ಅಳಿಸಿ. ಹೀಗೆ ಹತ್ತು ಸಲ ಮಾಡಿದರೆ ಸಾವಿರ ಸಾಲಿನ ಕಡತ ಒಂದು ಸಾಲಿಗೆ ಇಳಿಯುತ್ತದೆ. ಕೆಲವೊಮ್ಮೆ ಎರಡು ಅರ್ಧಗಳೂ ಬೇರೆ ಬೇರೆಯಾಗಿ ಸರಿಯಾಗಿದ್ದು, ಸೇರಿದಾಗ ಮಾತ್ರ ತೊಂದರೆ ಬರುತ್ತದೆ. ಆಗ ಚಿಕ್ಕ ಚಿಕ್ಕ ತುಂಡುಗಳಾಗಿ ಅಳಿಸುತ್ತಾ ಬನ್ನಿ.

ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಆಂಡ್ರಿಯಾಸ್ ಝೆಲ್ಲರ್ ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಿದರು. ಡೆಲ್ಟಾ ಡೀಬಗಿಂಗ್ ಎಂದು ಅದಕ್ಕೆ ಹೆಸರು. ಮೊಜಿಲ್ಲಾ ಬ್ರೌಸರಿನಲ್ಲಿ ಒಂದು ಪುಟ ಪ್ರಿಂಟ್ ಕೊಟ್ಟರೆ ಕ್ರ್ಯಾಶ್ ಆಗುತ್ತಿತ್ತು. ಆ ಪುಟದ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) 896 ಸಾಲು. ಅವರ ವಿಧಾನ ಅದನ್ನು ಒಂದೇ ಸಾಲಿಗೆ ಇಳಿಸಿತು. ತಪ್ಪು ಇದ್ದದ್ದು, ಆಯ್ಕೆಗಳ ಪಟ್ಟಿ ತೋರಿಸುವ ಒಂದು ಟ್ಯಾಗಿನಲ್ಲಿ, ಅಂದರೆ ಆ ಭಾಷೆಯ ಒಂದು ಗುರುತಿನಲ್ಲಿ. ಆ ಕೆಲಸಕ್ಕೆ ಹಿನ್ನೆಲೆ 1999ರ ಮೊಜಿಲ್ಲಾದ ಪರಿಸ್ಥಿತಿ. ಆ ಜುಲೈನಲ್ಲಿ, ಚಿಕ್ಕದು ಮಾಡದೆ ಬಿದ್ದಿದ್ದ ದೂರುಗಳೇ 370ಕ್ಕೂ ಹೆಚ್ಚಿದ್ದವು. ಮೊಜಿಲ್ಲಾದವರು ಅದಕ್ಕೆ ಜನರನ್ನೇ ಕರೆದರು. ಐದು ದೂರನ್ನು ಚಿಕ್ಕದು ಮಾಡಿಕೊಟ್ಟವರಿಗೆ ಬಿಡುಗಡೆ ಸಮಾರಂಭಕ್ಕೆ ಆಹ್ವಾನ, ಇಪ್ಪತ್ತು ಮಾಡಿದವರಿಗೆ ಎಂಜಿನಿಯರುಗಳ ಸಹಿ ಇದ್ದ ಟೀ ಶರ್ಟ್. ಈ ಕೆಲಸಕ್ಕೆ ಕೋಡ್ ಬರಬೇಕಿಲ್ಲ. ನಿಮ್ಮ ಬಳಕೆದಾರರಲ್ಲೇ ಆಸಕ್ತಿ ಇರುವ ಇಬ್ಬರು ಮೂವರು ಇದ್ದೇ ಇರುತ್ತಾರೆ. ಒಬ್ಬ ಕನ್ನಡ ಮೇಷ್ಟ್ರು, ಒಬ್ಬ ಪ್ರೂಫ್ ನೋಡುವವರು ಸಿಕ್ಕರೆ ಇನ್ನೇನು ಬೇಕು. ಕೇಳಿ ನೋಡಿ. ಅವರ ಹೆಸರನ್ನು ಮುಂದಿನ ಆವೃತ್ತಿಯಲ್ಲಿ ಹಾಕಿ.

ಒಂದು ಅಪಾಯ ಹೇಳಲೇಬೇಕು. ಚಿಕ್ಕದು ಮಾಡುವಾಗ ಬಗ್ ಬದಲಾಗಿಬಿಡಬಹುದು. ಕೊನೆಗೆ ಉಳಿದ ಸಾಲಿನಲ್ಲಿ ಸಿಕ್ಕಿದ್ದು ಬೇರೆಯೇ ಬಗ್, ಮೊದಲು ಬಂದ ದೂರಿನದ್ದಲ್ಲ. ನನಗೆ ಒಂದೆರಡು ಸಲ ಹೀಗಾಗಿದೆ. ಆದ್ದರಿಂದ ಸರಿಪಡಿಸಿದ ಮೇಲೆ ಮೂಲ ಕಡತದ ಮೇಲೆ ಒಮ್ಮೆ ಓಡಿಸಿ ನೋಡಿ, ಆಮೇಲೆ ಅವರಿಗೆ ತಿಳಿಸಿ.

ಈಗ ನಿಮ್ಮ ಕೆಂಪು ಗೆರೆಯ ವಿಷಯ. ಪುಟದಲ್ಲಿ ಒಂದೆರಡು ಪದಕ್ಕೆ ಅಲ್ಲ, ಪ್ರತಿ ಪದಕ್ಕೂ ಗೆರೆ ಬಿದ್ದಿದೆ. ನೀವು ಟೈಪ್ ಮಾಡಿದರೆ ಬೀಳುವುದಿಲ್ಲ. ನನ್ನ ಮೊದಲ ಅನುಮಾನ, ಆ ಕಡತ ಯೂನಿಕೋಡ್‌ನಲ್ಲಿ ಇಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ನಮ್ಮ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ ಇಂದಿಗೂ ಬೇಕಾದಷ್ಟಿವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮುದ್ದಾದ ಕನ್ನಡವೇ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ನಿಮ್ಮ ಪದಕೋಶಕ್ಕೆ ಅದರಲ್ಲಿ ಒಂದು ಪದವೂ ಗುರುತು ಸಿಗುವುದಿಲ್ಲ, ಹಾಗಾಗಿ ಎಲ್ಲಕ್ಕೂ ಗೆರೆ. ಪದದ ಕೊನೆಯ ಕಾಣದ ಸಂಕೇತ ಕಾರಣವಾಗಿದ್ದರೆ ಅಲ್ಲೊಂದು ಇಲ್ಲೊಂದು ಪದಕ್ಕೆ ಬೀಳುತ್ತಿತ್ತು.

ಆದರೆ ಇದು ಅನುಮಾನವೇ ಹೊರತು ಉತ್ತರವಲ್ಲ. ಅವರಿಗೆ ಹೀಗೆ ಬರೆಯಿರಿ: “ನೀವು ಕಳಿಸಿದ ಚಿತ್ರ ನೋಡಿದೆ, ತೊಂದರೆ ನಿಜ. ನನ್ನ ಕಂಪ್ಯೂಟರಿನಲ್ಲಿ ಅದು ಕಾಣಿಸುತ್ತಿಲ್ಲ, ಅದಕ್ಕೆ ನಿಮ್ಮ ಸಹಾಯ ಬೇಕು. ಆ ಕಡತದ ಒಂದು ಪ್ರತಿ ಮಾಡಿಕೊಂಡು, ಖಾಸಗಿ ವಿಷಯ ಇಲ್ಲದ ಯಾವುದಾದರೂ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ಅಳಿಸಿ, ಆ ಫೈಲನ್ನೇ ಕಳಿಸಿ. ಟೈಪ್ ಮಾಡುವುದು ಬೇಡ. ಆ ಸಾಲಿನ ಮೇಲೆ ಕರ್ಸರ್ ಇಟ್ಟಾಗ ಫಾಂಟಿನ ಹೆಸರು ಏನು ತೋರಿಸುತ್ತದೆ, ಅದನ್ನೂ ತಿಳಿಸಿ.”

ಫೈಲ್ ಬಂದ ಮೇಲೆ ಆ ಸಾಲಿನ ಫಾಂಟನ್ನು ಯಾವುದಾದರೂ ಸಾಮಾನ್ಯ ಇಂಗ್ಲಿಷ್ ಫಾಂಟಿಗೆ ಬದಲಿಸಿ. ಕನ್ನಡ ಹಾಗೇ ನಿಂತರೆ ನನ್ನ ಊಹೆ ತಪ್ಪು, ಆ ಫೈಲನ್ನು ನನಗೂ ಕಳಿಸಿ, ಕೂತು ಎಣಿಸೋಣ. ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಒಡೆದರೆ ಕಾರಣ ಸಿಕ್ಕಿತು. ಆಗ ನಿಮ್ಮ ತಂತ್ರಾಂಶ ಪುಟವೆಲ್ಲ ಕೆಂಪು ಮಾಡುವ ಬದಲು “ಈ ಕಡತ ಹಳೆಯ ಫಾಂಟಿನಲ್ಲಿದೆ, ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ” ಎಂದು ಒಂದು ಸಾಲು ತೋರಿಸುವ ಹಾಗೆ ಮಾಡಿ. ಇದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಬರೆದವರು ನಿಮ್ಮ ಪಟ್ಟಿಯಲ್ಲಿ ಇನ್ನೂ ಹಲವರು ಇರಬಹುದು.